ಎರಡು ಗಜದ ಅಧ್ಯಕ್ಷ

ಆ ಮನುಷ್ಯನ ಮುಖವನ್ನು ನಾನು ನಾಲ್ಕು ವರ್ಷ ಸೊಂಟಕ್ಕೆ ಸುತ್ತಿಕೊಂಡು ತಿರುಗಿದ್ದೇನೆ. ಎರಡು ಗಜ ಹಸಿರು ಬಟ್ಟೆ. ಮುಂದೊಂದು ಮುಖ, ಹಿಂದೊಂದು ಮುಖ, ಅಂಚಿನುದ್ದಕ್ಕೂ ಸಣ್ಣ ಸಣ್ಣ ಮುಖಗಳು. ಮುಖದ ಕೆಳಗೆ ಅವನು ಹೇಳಿದ ಮಾತು: ನೀನಿರುವ ಊರೇ ನಿನ್ನ ಊರು. ನಾನು ಕೂತರೆ ನೈಜೀರಿಯಾದ ಅಧ್ಯಕ್ಷ ನನ್ನ ತಿಕದ ಕೆಳಗಿರುತ್ತಿದ್ದ. ಅದಕ್ಕೆ ನನ್ನ ಗಂಡ ಮಡುಕಾ ಬಯ್ಯುತ್ತಿದ್ದ. ಮುಖ ಇಲ್ಲದ ಕಡೆ ನೋಡಿಕೊಂಡು ಕೂರು ಎನ್ನುತ್ತಿದ್ದ. ಎಲ್ಲ ಕಡೆಯೂ ಅವನೇ ಇದ್ದರೆ ನಾನು ಎಲ್ಲಿ ಕೂರಲಿ?

ನನ್ನ ಹೆಸರು ಓಯಿರಿದಿಯಾ. ತುಡುನ್ ಗೋರಾದಲ್ಲಿ ಹಾಗೆ ಕರೆಯುವವರಿಲ್ಲ. ಮಗಳು ಉಜು ಹುಟ್ಟಿದ ದಿನದಿಂದ ಮಾಮಾ ಉಜು. ನಾನು ಹುಟ್ಟಿದ್ದು ಈ ಉತ್ತರದ ಊರಿನಲ್ಲೇ. ನನ್ನ ಅಪ್ಪ ರೈಲ್ವೆಯಲ್ಲಿ ಕಲ್ಲಿದ್ದಲು ಎತ್ತಲು ಬಂದವನು. ಆದರೂ ನಾವು ದಕ್ಷಿಣದ ಇಗ್ಬೋಗಳು, ಹೊರಗಿನವರು. ಹೊರಗಿನವರಿಗೆಂದೇ ಊರಾಚೆ ಒಂದು ಕೇರಿ ಇದೆ, ಸಾಬೊನ್ ಗರಿ. ಉಜು ನರ್ಸಿಂಗ್ ಸೇರಬೇಕಾದರೆ ಈ ಊರಿನವಳೆಂಬ ಪತ್ರ ಬೇಕು ಎಂದರು. ಗುಮಾಸ್ತ ತಲೆ ಎತ್ತದೆ, ನಿನ್ನ ಅಜ್ಜ ಯಾವ ಊರಿನವನೋ ಅಲ್ಲಿ ಹೋಗಿ ತಗೋ ಎಂದ. ಅವಳು ಆ ಊರನ್ನು ಕಣ್ಣಿನಿಂದಲೂ ನೋಡಿಲ್ಲ ಎಂದೆ. ನೋಡಿಕೊಂಡು ಬರಲಿ ಎಂದ.

ನನ್ನ ಕೆಲಸ ಕಸಾಯಿಖಾನೆಯಲ್ಲಿ ತೊಗಲು ಸುಡುವುದು. ಕೊಯ್ಯುವುದು, ಸುಲಿಯುವುದು ಈ ಊರಿನ ಮೂಲದವರಾದ ಹೌಸಾಗಳ ಕೆಲಸ. ಸುಡುವುದು ನಮ್ಮದು. ಹಸಿ ತೊಗಲನ್ನು ಬೆನ್ನ ಮೇಲೆ ಹೊತ್ತು ತರಬೇಕು. ರಕ್ತ ಬೆನ್ನಿನಿಂದಿಳಿದು ಕಾಲ ಸಂದಿಗೆ ಹೋಗುತ್ತದೆ. ಹಳೇ ಟೈರು ಉರಿಸಿ, ಕಬ್ಬಿಣದ ಕೊಕ್ಕೆಯಲ್ಲಿ ತೊಗಲು ಹಿಡಿದು, ರೋಮವೆಲ್ಲ ಹೋಗುವ ತನಕ ತಿರುವಬೇಕು. ಕಪ್ಪಾದದ್ದನ್ನು ನೀರಿಗೆ ಹಾಕಿ ಚೂರಿಯಲ್ಲಿ ಹೆರೆದರೆ ಅದು ಪೊನ್ಮೊ. ಸಾರಿಗೆ ಬಿದ್ದರೆ ಮಂತ್ರಿಯೂ ಚಪ್ಪರಿಸುತ್ತಾನೆ, ಕೂಲಿಯವನೂ ಚಪ್ಪರಿಸುತ್ತಾನೆ. ಸುಟ್ಟವಳ ಪಕ್ಕ ಮಾತ್ರ ಬಸ್ಸಿನಲ್ಲಿ ಯಾರೂ ಕೂರುವುದಿಲ್ಲ. ಟೈರು ತಾನಾಗಿ ಹತ್ತಿಕೊಳ್ಳುವುದಿಲ್ಲ. ಸೀಮೆಎಣ್ಣೆಯಲ್ಲಿ ಅದ್ದಿದ ಬಟ್ಟೆ ತುರುಕಿ ಕಡ್ಡಿ ಗೀರಬೇಕು. ಹದಿನೆಂಟು ವರ್ಷದಿಂದ ನನ್ನ ಮನೆಯಲ್ಲಿ ಹರಿದ ಬಟ್ಟೆ ಎಂಬುದು ಒಂದೂ ಉಳಿದಿಲ್ಲ.

ಟೈರು ಕೊಡುತ್ತಿದ್ದವನು ಮಡುಕಾ. ಹೆದ್ದಾರಿಯ ಪಕ್ಕ ಅವನದೊಂದು ಪಂಕ್ಚರ್ ಅಂಗಡಿ. ಅಂಗಡಿಯ ತಗಡಿನ ಮೇಲೆ ಅಧ್ಯಕ್ಷನ ಚಿತ್ರ ಬರೆಸಿದ್ದ. ಆಗ ಅವನಿನ್ನೂ ಅಧ್ಯಕ್ಷನಾಗಿರಲಿಲ್ಲ. ನಮ್ಮ ಜನದವನೂ ಅಲ್ಲ. ನಮ್ಮ ಕೇರಿಯಲ್ಲಿ ಎಲ್ಲರೂ ನಗುತ್ತಿದ್ದರು. ಮಡುಕಾ ಬಿಡಲಿಲ್ಲ.

"ದೇಶ ಅಂದ್ರೆ ಟ್ಯೂಬು ಕಣೇ," ಎನ್ನುತ್ತಿದ್ದ. "ನೀರಲ್ಲಿ ಅದ್ದಿದ್ರೆ ಗೊತ್ತಾಗುತ್ತೆ ಎಲ್ಲೆಲ್ಲಿ ಗುಳ್ಳೆ ಏಳುತ್ತೆ ಅಂತ. ಇಲ್ಲೀತನಕ ಬಂದೋರೆಲ್ಲ ಬರೀ ಗಾಳಿ ಹೊಡೆದು ಹೋದ್ರು. ಇವನೊಬ್ಬ ಪ್ಯಾಚ್ ಹಾಕ್ತೀನಿ ಅಂತಿದಾನೆ."

ನಮ್ಮ ಕೇರಿಯ ಪಡ್ಡೆಗಳೇ ಅವನನ್ನು ಹಿಡಿದು ಬಡಿದರು. ಮುಂದಿನ ಎರಡು ಹಲ್ಲು ಹೋದವು. ಹಲ್ಲು ಹೋದರೆ ಹೋಗಲಿ, ಓಟು ಉಳಿಯಿತಲ್ಲ ಎಂದು ರಕ್ತದ ಬಾಯಲ್ಲೇ ನಕ್ಕ. ಪಕ್ಷದವರು ಬಟ್ಟೆ ಹಂಚಿದರು. ಅವನೊಂದು ತುಂಡು ಅಂಗಿಗೆ ಹೊಲಿಸಿಕೊಂಡ, ನಾನೊಂದು ತುಂಡು ಉಟ್ಟೆ, ಇನ್ನೊಂದು ಪೆಟ್ಟಿಗೆಯಲ್ಲಿತ್ತು. ಮೆರವಣಿಗೆಯಲ್ಲಿ ಅವನ ಪಕ್ಕ ಮೈಕು ಹಿಡಿದು ಕೂಗುತ್ತಿದ್ದವನು ಯೂನುಸಾ ಎಂಬ ಹೌಸಾ ಹುಡುಗ. ನನ್ನ ಮನೆಯಲ್ಲಿ, ನನ್ನ ಗಂಡನ ತಟ್ಟೆಯಲ್ಲೇ ಕೈ ಹಾಕಿ ಉಂಡವನು.

ಅಧ್ಯಕ್ಷ ಗೆದ್ದ ಮೂರನೇ ತಿಂಗಳಿಗೆ ಮಡುಕಾನ ಮೈ ಹಳದಿಯಾಯಿತು. ಹೊಟ್ಟೆ ಊದಿತು. ಸಾಯುವ ಹಿಂದಿನ ದಿನ ನನ್ನ ಮಣಿಕಟ್ಟು ಹಿಡಿದು, ನನ್ನನ್ನು ಇಲ್ಲೇ ಹೂಳು ಎಂದ. ನಾನು ಬೆಚ್ಚಿಬಿದ್ದೆ. ನಮ್ಮವರಲ್ಲಿ ಎಲ್ಲಿ ಸತ್ತರೂ ಹೆಣ ಅಪ್ಪನ ಊರಿಗೆ ಹೋಗಬೇಕು. ಮನೆಯ ಅಂಗಳದಲ್ಲೇ ಮಣ್ಣಾಗಬೇಕು. ಪರವೂರಲ್ಲಿ ಹೂಳುವುದು ಕಳ್ಳರನ್ನು, ದಿಕ್ಕಿಲ್ಲದವರನ್ನು.

"ಎಲ್ಲರೂ ಹೆಣ ತಗೊಂಡು ಓಡೋಗ್ತಾ ಇದ್ರೆ ಈ ಊರು ನಮ್ಮದಾಗೋದು ಯಾವಾಗ?" ಎಂದ. "ಅಧ್ಯಕ್ಷನ ಮಾತು ನಿಜ ಆಗ್ಬೇಕಾದ್ರೆ ಯಾರಾದ್ರೂ ಮೊದಲು ಮಲಗ್ಬೇಕಲ್ಲ. ನಾನು ಮಲಗ್ತೀನಿ."

ಪೆಟ್ಟಿಗೆಯಲ್ಲಿದ್ದ ಹಸಿರು ಬಟ್ಟೆಯಲ್ಲಿ ಸುತ್ತಿ, ಸಾಬೊನ್ ಗರಿಯ ಚರ್ಚಿನ ಹಿಂದೆ ಹೂಳಿದೆ. ನಾಲ್ಕನೇ ದಿನ ಮೈದುನ ಬೊನಿಫೇಸ್ ಬಂದ. ಜೊತೆಯಲ್ಲಿ ಕುಲದ ಆರು ಹಿರಿಯರು, ಒಂದು ಖಾಲಿ ಆಂಬುಲೆನ್ಸ್. ಹೆಣ ಎಲ್ಲಿ ಎಂದರು. ತೋರಿಸಿದೆ. ಬೊನಿಫೇಸ್ ನನ್ನ ಕೆನ್ನೆಗೆ ಬಾರಿಸಿದ.

"ನಮ್ಮಣ್ಣನ್ನ ನಾಯಿ ಹೂಳ್ದಂಗೆ ಹೂಳಿದೀಯಲ್ಲ ಅತ್ತಿಗೆ. ಅಗೆದು ಕೊಡು."

"ಅವನು ಹೇಳಿದ ಜಾಗದಲ್ಲಿ ಅವನಿದಾನೆ. ಅಗೆಯೋದಿಲ್ಲ."

"ಹಂಗಾದ್ರೆ ಇವತ್ತಿಂದ ನಮ್ಮ ಹೊಸಲು ತುಳೀಬೇಡ. ನಿನಗೆ ಊರು ಅನ್ನೋದು ಇಲ್ಲ. ಬೇಕಾದ್ರೆ ನಿನ್ನ ಅಧ್ಯಕ್ಷನ್ನ ಕೇಳ್ಕೋ."

ಆಯಿತು ಎಂದೆ. ನನಗೆ ಊರು ಇತ್ತಲ್ಲ, ಹೆದರಿಕೆ ಏಕೆ? ಸೊಂಟದ ಮೇಲೆ ಅಚ್ಚು ಹಾಕಿ ಬರೆದಿತ್ತು. ನಾನೆಂಥ ಪೆದ್ದಿ ನೋಡಿ.

ಇದು ಈ ವರ್ಷದ ಮಾವಿನ ಕಾಲದ ಮಾತು. ಚುನಾವಣೆಗೆ ಇನ್ನೂ ಎಂಟು ತಿಂಗಳು. ದಕ್ಷಿಣದ ಒಂದು ಊರಿನಲ್ಲಿ ನಮ್ಮವರು ಈರುಳ್ಳಿ ಲಾರಿ ತಡೆದು, ಡ್ರೈವರನ್ನೂ ಕ್ಲೀನರನ್ನೂ ಒಳಗೇ ಕೂಡಿಹಾಕಿ ಸುಟ್ಟರು. ಇಬ್ಬರೂ ತುಡುನ್ ಗೋರಾದ ಹೌಸಾಗಳು. ಹೆಣಗಳು ಚಾಪೆಯಲ್ಲಿ ಸುತ್ತಿಕೊಂಡು ಇಲ್ಲಿಗೆ ಬಂದವು. ಕಸಾಯಿಖಾನೆಯ ಮುಂದೆಯೇ ಹಾದುಹೋದವು. ಸುಟ್ಟ ತೊಗಲಿನ ವಾಸನೆ ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಅದನ್ನು ಮಾಡಿದವರ ಕೈ ಸೇದಿಹೋಗಲಿ ಎಂದು ನಾನೂ ಶಪಿಸಿದೆ. ನಾನು ಶಪಿಸಿದ್ದು ಯಾರಿಗೆ ಬೇಕಿತ್ತು? ಮಾರನೆಯ ಬೆಳಗ್ಗೆ ಹತ್ತು ಗಂಟೆಗೆ ಕೇರಿಯ ಕಡೆಯಿಂದ ಹೊಗೆ ಎದ್ದಿತು.

ನಾನು ಆಗತಾನೇ ಟೈರು ಹತ್ತಿಸಿದ್ದೆ. ಜೊತೆಗೆ ಕೆಲಸ ಮಾಡುವ ಮುದುಕ ಸಿಲ್ವನಸ್ ಕೊಕ್ಕೆ ಉಜ್ಜುತ್ತಿದ್ದ. ಕಟುಕ ತಂಕೋ ಓಡಿ ಬಂದ. ಹದಿನೆಂಟು ವರ್ಷ ಅವನು ಸುಲಿದದ್ದನ್ನು ನಾನು ಸುಟ್ಟಿದ್ದೇನೆ. ದಿನಕ್ಕೆ ಹತ್ತು ಮಾತೂ ಆಡದ ಮನುಷ್ಯ. ನನ್ನ ತೋಳು ಹಿಡಿದೆಳೆದು, ಮೂಲೆಯಲ್ಲಿ ಗುಡ್ಡೆ ಹಾಕಿದ್ದ ಹಸಿ ತೊಗಲುಗಳ ಕೆಳಗೆ ನೂಕಿದ. ಮೇಲೆ ಇನ್ನೂ ನಾಲ್ಕು ಎಳೆದ. ಉಸಿರು ಕಟ್ಟಿತು. ಬಾಯಿಗೆ ಕೊಬ್ಬು ಮೆತ್ತಿಕೊಂಡಿತು. ನೊಣಗಳು ಕಣ್ಣಿನೊಳಗೆ ಬಂದವು. ಸಿಲ್ವನಸ್‌ಗೆ ಮಂಡಿ ನೋವು. ಬೇಗ ಏಳಲಾಗಲಿಲ್ಲ.

ಅವರು ಬಂದರು. ಎಷ್ಟು ಜನವೋ ಗೊತ್ತಾಗಲಿಲ್ಲ, ಕಾಲ ಸದ್ದು ಕೇಳಿತು, ತೊಗಲಿನ ಸಂದಿಯಲ್ಲಿ ಚೂರುಪಾರು ಕಂಡಿತು. ಸಿಲ್ವನಸ್‌ನನ್ನು ಹಿಡಿದರು. ನಾನು ಇಲ್ಲೇ ಹುಟ್ಟಿದ್ದೀನಿ ಅಪ್ಪಾ, ಇಲ್ಲೇ ಹುಟ್ಟಿದ್ದೀನಿ ಎಂದು ಅವನು ಹೌಸಾದಲ್ಲಿ ಹೇಳುತ್ತಲೇ ಇದ್ದ. ಕೊರಳಿಗೆ ಟೈರು ಹಾಕಿ ಬೆಂಕಿಗೆ ನೂಕಿದರು. ನಾನು ಹತ್ತಿಸಿಟ್ಟ ಬೆಂಕಿ. ಅವನು ಕೂಗಿದ್ದು ಬಹಳ ಹೊತ್ತು ಇರಲಿಲ್ಲ. ಆಮೇಲೆ ವಾಸನೆ ಬಂತು.

ಸುಡುವ ಹೆಂಗಸು ಎಲ್ಲಿ ಎಂದು ಒಬ್ಬ ಕೇಳಿದ. ಆ ದನಿ ನನಗೆ ಗೊತ್ತು. ಮೈಕಿನಲ್ಲಿ ನನ್ನ ಗಂಡನ ಪಕ್ಕ ನಿಂತು ಕೂಗಿದ ದನಿ. ಯೂನುಸಾ.

ಇವತ್ತು ಬಂದಿಲ್ಲ ಎಂದ ತಂಕೋ. ಯೂನುಸಾ ನಂಬಲಿಲ್ಲ. ತೊಗಲಿನ ಗುಡ್ಡೆಗೆ ಚೂರಿ ಹಾಕಿದ. ಒಂದು ಸಲ ಪಕ್ಕದಲ್ಲಿ ಹೋಯಿತು. ಎರಡನೇ ಸಲ ನನ್ನ ತೊಡೆಗೆ ಇಳಿಯಿತು. ಮೂಳೆಗೆ ತಾಗಿ ನಿಂತಿತು. ಬಾಯಲ್ಲಿದ್ದ ತೊಗಲನ್ನು ಕಚ್ಚಿದೆ. ಉಚ್ಚೆ ಹೋಯಿತು. ಕೂಗಲಿಲ್ಲ. ಅವನು ಚೂರಿ ಎಳೆದುಕೊಂಡು ನೋಡಿದ.

"ರಕ್ತ," ಎಂದ.

"ಈಗತಾನೇ ಸುಲಿದಿದ್ದು. ರಕ್ತ ಇಲ್ದೆ ಹಾಲು ಬರುತ್ತಾ?" ಎಂದ ತಂಕೋ.

ಯಾರೋ ಒಬ್ಬ ನಕ್ಕ. ಯೂನುಸಾ ನಗಲಿಲ್ಲ. ಹೊರಗಿನವರ ಜೊತೆ ಉಂಡು ಮಲಗುವ ಕಟುಕ ಎಂದು ಬೈದು, ಅದೇ ಚೂರಿಯಿಂದ ತಂಕೋನ ಎಡಗಿವಿ ಕೊಯ್ದು ನೆಲಕ್ಕೆ ಹಾಕಿ ಹೋದ. ತಂಕೋ ಕಿವಿಯ ಮೇಲೆ ಟವೆಲ್ ಒತ್ತಿ ಹಿಡಿದು ಆ ಗುಡ್ಡೆಯ ಮೇಲೇ ಕೂತ. ಸಂಜೆ ಸೈನ್ಯದ ಲಾರಿ ಬರುವ ತನಕ ಏಳಲಿಲ್ಲ. ಅವನ ರಕ್ತ, ನನ್ನ ರಕ್ತ, ದನದ ರಕ್ತ ಒಂದೇ ಚರಂಡಿಗೆ ಹೋಯಿತು.

ಪೊಲೀಸ್ ಮೈದಾನದಲ್ಲಿ ಕ್ಯಾಂಪು ಹಾಕಿದರು. ಉಜು ಅಲ್ಲಿದ್ದಳು. ಸನ್ಯಾಸಿನಿಯರ ಶಾಲೆಯವರು ಹುಡುಗಿಯರನ್ನು ನೀರಿನ ತೊಟ್ಟಿಯೊಳಗೆ ನಿಲ್ಲಿಸಿ ಉಳಿಸಿದ್ದರು. ನನ್ನ ತೊಡೆಗೆ ಹನ್ನೊಂದು ಹೊಲಿಗೆ ಬಿತ್ತು. ನಾಲ್ಕನೇ ದಿನ ಕುಂಟುತ್ತಾ ಚರ್ಚಿನ ಹಿಂದಕ್ಕೆ ಹೋದೆ. ಬದುಕಿದ್ದವರನ್ನು ಕೊಂದು ಅವರಿಗೆ ಸಾಕಾಗಿರಲಿಲ್ಲ. ಗುಂಡಿಗಳನ್ನೂ ಅಗೆದಿದ್ದರು. ಮಡುಕಾನ ಶಿಲುಬೆ ಮುರಿದು ಬಿದ್ದಿತ್ತು. ಅವನ ಮೂಳೆಗಳು ಹುಲ್ಲಿನಲ್ಲಿ ಚೆಲ್ಲಾಡಿದ್ದವು. ತಲೆ ಗೋಡೆಯ ಹತ್ತಿರ ಸಿಕ್ಕಿತು. ಮುಂದಿನ ಎರಡು ಹಲ್ಲಿಲ್ಲ. ನನ್ನ ಗಂಡನೇ. ಸುತ್ತಿದ್ದ ಬಟ್ಟೆ ಮಣ್ಣಾಗಿತ್ತು, ಅಂಚು ಮಾತ್ರ ಉಳಿದಿತ್ತು, ಸಣ್ಣ ಸಣ್ಣ ಮುಖಗಳು. ಮೂಳೆಗಳನ್ನು ಆಯ್ದು ಮರಗೆಣಸಿನ ಗರ್ರಿ ಹಿಟ್ಟಿನ ಚೀಲಕ್ಕೆ ತುಂಬಿದೆ. ಮತ್ತೆ ಹೂಳೋಣವೆಂದರೆ ಕಾವಲಿನ ಸೈನಿಕ ಬಿಡಲಿಲ್ಲ. ದೊಡ್ಡವರು ಬಂದು ಹೋಗುವ ತನಕ ಇಲ್ಲಿ ಏನನ್ನೂ ಮುಟ್ಟಬಾರದು ಎಂದ. ಚೀಲವನ್ನು ಕ್ಯಾಂಪಿಗೆ ತಂದು ತಲೆಗಿಟ್ಟುಕೊಂಡು ಮಲಗಿದೆ.

ದೊಡ್ಡವರು ಎಂದರೆ ಅಧ್ಯಕ್ಷ. ಪಕ್ಷದ ಹೆಂಗಸರ ಮುಖಂಡೆ ಹಾಜಿಯಾ ರಕಿಯಾ ಹಿಂದಿನ ದಿನವೇ ಬಂದಳು. ಹಳೇ ಬಟ್ಟೆ ಇರುವವರೆಲ್ಲ ಉಟ್ಟುಕೊಂಡು ಸಾಲಾಗಿ ನಿಂತು ಕುಣಿಯಬೇಕಂತೆ. ಕುಣಿದವರಿಗೆ ಕಂಬಳಿ. ನನ್ನ ಹತ್ತಿರ ಬಂದು ಸೊಂಟದ ಬಟ್ಟೆ ಹಿಡಿದು ನೋಡಿದಳು. ಒಗೆದರೂ ರಕ್ತದ ಕಲೆ ಹೋಗಿರಲಿಲ್ಲ. ಚೂರಿ ಇಳಿದ ಕಡೆ ಅಧ್ಯಕ್ಷನ ಕೆನ್ನೆಗೆ ತೂತು ಬಿದ್ದಿತ್ತು.

"ತೂತು ಕಾಣದಂಗೆ ಮಡಚಿ ಉಟ್ಕೊಳ್ಳಮ್ಮ," ಎಂದಳು. "ನೀನು ಮುಂದಿನ ಸಾಲಲ್ಲಿ ನಿಂತ್ಕೋ. ಕುಂಟ್ಕೊಂಡು ಕುಣಿದ್ರೂ ಪರ್ವಾಗಿಲ್ಲ, ಕ್ಯಾಮೆರಾಗೆ ಚೆನ್ನಾಗಿರುತ್ತೆ."

ಉಜು ಉಗಿದಳು. ನಾನು ಮಡಚಿ ಉಟ್ಟೆ. ಕಂಬಳಿಗಾಗಿ ಅಲ್ಲ. ಅವನು ಬಂದರೆ ಆ ಮಾತನ್ನು ಮತ್ತೊಮ್ಮೆ ಹೇಳುತ್ತಾನೆ, ಈ ಊರಿನ ಎದುರಲ್ಲಿ, ಯೂನುಸಾನಂಥವರು ಕೇಳುವ ಹಾಗೆ ಹೇಳುತ್ತಾನೆ ಎಂದು ನಂಬಿದ್ದೆ. ಅವನೊಬ್ಬ ಹೇಳಿಬಿಟ್ಟರೆ ನಾನು ಇಲ್ಲಿ ಉಳಿಯಬಹುದು, ಮಡುಕಾ ಇಲ್ಲಿ ಮಲಗಬಹುದು. ನನಗೆ ಬೇಕಾಗಿದ್ದು ಅಷ್ಟೇ.

ಬೆಳಗ್ಗೆ ಸೈನಿಕರು ಎಲ್ಲರ ಗಂಟು ಬಿಚ್ಚಿಸಿದರು. ನನ್ನ ಚೀಲದ ಹತ್ತಿರ ಬಂದವನು ಮೂಗು ಮುಚ್ಚಿಕೊಂಡ. ತೊಗಲಾ ಎಂದ. ಹೌದು ಎಂದೆ. ಬಿಚ್ಚಿಸದೆ, ಕಾಲಿನಿಂದ ನನ್ನತ್ತ ತಳ್ಳಿ ಮುಂದೆ ಹೋದ. ನನ್ನ ಮೈ ನಾತ ಜೀವಮಾನದಲ್ಲಿ ಅದೊಂದೇ ಸಲ ನನಗೆ ಉಪಕಾರ ಮಾಡಿತು.

ಅಧ್ಯಕ್ಷ ಬಂದ. ಬಟ್ಟೆಯ ಮೇಲಿದ್ದದ್ದಕ್ಕಿಂತ ದಪ್ಪಗಿದ್ದ. ನಾವು ಕುಣಿದೆವು. ನನ್ನ ಹೊಲಿಗೆ ಎರಡು ಬಿಟ್ಟುಕೊಂಡವು. ಅವನು ಮೈಕಿನ ಮುಂದೆ ನಿಂತ. ಸತ್ತವರಿಗಾಗಿ ಒಂದು ನಿಮಿಷ ತಲೆ ತಗ್ಗಿಸಿದ. ಆಮೇಲೆ ಶುರು ಮಾಡಿದ. ದೇಶ ಒಂದೇ ಎಂದ. ನಾನು ಚಪ್ಪಾಳೆ ತಟ್ಟಿದೆ. ಆದರೆ ಅತಿಥಿಗಳಾಗಿ ಬಂದವರು ಮನೆಯವರ ಮನಸ್ಸು ನೋಯಿಸಬಾರದು ಎಂದ. ನನ್ನ ಕೈ ನಿಂತಿತು. ಎಲ್ಲರ ಕ್ಷೇಮಕ್ಕಾಗಿ ಮೂವತ್ತು ಬಸ್ಸು ತಂದಿದ್ದೇನೆ, ಎಲ್ಲರೂ ತಮ್ಮ ತಮ್ಮ ಸ್ವಂತ ಊರಿಗೆ ಹೋಗಿ ನೆಮ್ಮದಿಯಾಗಿರಿ ಎಂದ.

ಕೊಂದವರ ಮೇಲೆ ಬರದಷ್ಟು ಸಿಟ್ಟು ಅವನ ಮೇಲೆ ಬಂತು. ಕೊಂದವರು ನನಗೆ ಮಾತು ಕೊಟ್ಟಿರಲಿಲ್ಲ.

ಮಕ್ಕಳನ್ನು ಹೆತ್ತ ಹೆಂಗಸು ಆಳುವವನ ಎದುರಿಗೆ ಉಟ್ಟದ್ದನ್ನು ಬಿಚ್ಚಿದರೆ ಅವನಿಗೆ ಅದಕ್ಕಿಂತ ದೊಡ್ಡ ಶಾಪ ಇಲ್ಲ. ನನ್ನ ಅಜ್ಜಿಯರು ಬಿಳಿಯರ ಕಾಲದಲ್ಲಿ ಸಾಹೇಬರ ಮುಂದೆ ಬಿಚ್ಚಿ ನಿಂತವರು. ಕಾಲ ಬಳಿ ಇಟ್ಟಿದ್ದ ಚೀಲ ಎತ್ತಿಕೊಂಡು ನಾನು ಸಾಲು ಬಿಟ್ಟು ಮುಂದೆ ನಡೆದೆ. ಗಂಟು ಬಿಚ್ಚಿದೆ. ಒಳಗೆ ಹರಿದ ಲಂಗವೊಂದು ಬಿಟ್ಟರೆ ಏನೂ ಇಲ್ಲ. ತೊಡೆಯಿಂದ ರಕ್ತ ಇಳಿಯುತ್ತಿತ್ತು. ಹಿಡಿಯಲು ಬಂದ ಸೈನಿಕರು ಕಣ್ಣು ಮುಚ್ಚಿಕೊಂಡು ಮುಖ ತಿರುಗಿಸಿದರು. ಹಾಜಿಯಾ ಅಯ್ಯೋ ಎಂದು ಕೂತೇಬಿಟ್ಟಳು. ಬಟ್ಟೆಯನ್ನು ನೆಲಕ್ಕೆ ಹಾಸಿದೆ, ತೂತು ಬಿದ್ದ ಮುಖ ಮೇಲೆ ಮಾಡಿ. ಚೀಲ ಕೊಡವಿದೆ. ಮಡುಕಾ ಅದರ ಮೇಲೆ ಬಿದ್ದ.

"ಇವನು ನನ್ನ ಗಂಡ," ಎಂದೆ. "ನೀವು ಹೇಳಿದ್ದು ನಂಬ್ಕೊಂಡು ಇಲ್ಲೇ ಮಲಗಿದ್ದ. ಇವನನ್ನ ಯಾವ ಬಸ್ಸಿಗೆ ಹತ್ತಿಸ್ಲಿ, ಹೇಳಿ."

ಅಧ್ಯಕ್ಷ ಮೂಳೆಗಳನ್ನು ನೋಡಿದ. ನನ್ನನ್ನು ನೋಡಲಿಲ್ಲ. ಮೈಕಿನಲ್ಲೇ, ದುಃಖದಿಂದ ಈ ತಾಯಿಗೆ ತಲೆ ಕೆಟ್ಟಿದೆ, ಆಸ್ಪತ್ರೆಗೆ ಸೇರಿಸಿ ಎಂದ. ಇಳಿದು ಹೋಗಿ ಕಾರು ಹತ್ತಿದ.

ಕಾರು ಗೇಟು ದಾಟಿದ ಮೇಲೆ ಸೈನಿಕರು ಈ ಕಡೆ ತಿರುಗಿದರು. ಬಂದೂಕಿನ ಹಿಡಿಯಿಂದ ಹೊಡೆದರು. ಮೊದಲ ಏಟಿಗೆ ಹೆಗಲ ಮೂಳೆ ಮುರಿಯಿತು. ಎರಡನೆಯದಕ್ಕೆ ಬಾಯಿ ಒಡೆಯಿತು. ಬೂಟುಗಾಲಲ್ಲಿ ಮಡುಕಾನನ್ನು ಚೆದುರಿಸಿದರು. ನಾನು ಅವನ ತಲೆಬುರುಡೆಯ ಮೇಲೆ ಮಕಾಡೆ ಬಿದ್ದುಕೊಂಡೆ. ಉಜು ನನ್ನ ಮೇಲೆ ಬಿದ್ದಳು. ಆಗ ಕ್ಯಾಂಪಿನ ಹೆಂಗಸರು ಎದ್ದರು. ಕುಣಿಯಲು ನಿಂತಿದ್ದವರೇ. ಒಬ್ಬೊಬ್ಬರಾಗಿ ಹಸಿರು ಬಟ್ಟೆಯ ಗಂಟಿಗೆ ಕೈ ಹಾಕಿದರು. ಸೈನಿಕರು ನಿಂತರು, ಬೈದುಕೊಂಡು ಹಿಂದಕ್ಕೆ ಸರಿದರು. ಚೆದುರಿದ ಮೂಳೆಗಳನ್ನು ಹೆಂಗಸರೇ ಆಯ್ದು ನನ್ನ ಚೀಲಕ್ಕೆ ತುಂಬಿಕೊಟ್ಟರು.

ಮಧ್ಯಾಹ್ನ ಬಸ್ಸುಗಳು ಬಂದವು. ಗುಮಾಸ್ತನೊಬ್ಬ ಮೇಜು ಹಾಕಿಕೊಂಡು ಹೆಸರು ಬರೆದುಕೊಳ್ಳುತ್ತಿದ್ದ. ಊರು ಯಾವುದು ಎಂದ.

"ತುಡುನ್ ಗೋರಾ."

"ಅದಲ್ಲಮ್ಮ. ನಿನ್ನ ಸ್ವಂತ ಊರು."

"ತುಡುನ್ ಗೋರಾ."

"ಇಲ್ಲಿಂದ ಇಲ್ಲಿಗೇ ಬಸ್ಸು ಇಲ್ಲಮ್ಮ."

"ಬೇಡ. ನಡ್ಕೊಂಡ್ ಹೋಗ್ತೀನಿ."

ಉಜುವನ್ನು ನಾನೇ ಹತ್ತಿಸಿದೆ. ದಕ್ಷಿಣದಲ್ಲಿ ಸನ್ಯಾಸಿನಿಯರ ಆಸ್ಪತ್ರೆಯೊಂದು ಪತ್ರವಿಲ್ಲದೆಯೂ ಅವಳನ್ನು ಸೇರಿಸಿಕೊಳ್ಳಲು ಒಪ್ಪಿತ್ತು. ನೀನೂ ಬಾ ಎಂದು ಕಿಟಕಿಯ ಕಂಬಿ ಹಿಡಿದು ಅತ್ತಳು. ನಿನ್ನನ್ನೂ ಕೊಲ್ಲುತ್ತಾರೆ ಎಂದಳು. ಕೊಲ್ಲಬಹುದು. ಅದು ನನಗೂ ಗೊತ್ತು.

"ಓದು," ಎಂದೆ. "ಅಪ್ಪನ್ನ ನೋಡೋಕೆ ಬರ್ಬೇಕು ಅಂದಾಗ ನಿಂಗೊಂದು ಊರು ಬೇಕಲ್ಲ. ನಾನಿಲ್ಲಿ ಕೂತಿರ್ತೀನಿ."

ಅಧ್ಯಕ್ಷ ಹೋದ ಮೇಲೆ ಚರ್ಚಿನ ಹಿಂದೆ ಕಾವಲಿರಲಿಲ್ಲ. ಸಂಜೆಯ ಬಿಸಿಲಲ್ಲಿ ತಂಕೋ ಗುಂಡಿ ತೋಡಿದ. ನನ್ನ ಬಲಗೈ ಏಳುತ್ತಿರಲಿಲ್ಲ, ಎಡಗೈಯಲ್ಲಿ ಮಣ್ಣು ಬಾಚಿದೆ. ಈ ಸಲ ಆ ಬಟ್ಟೆ ಸುತ್ತಲಿಲ್ಲ. ತಂಕೋ ತನ್ನ ಹೆಗಲ ಮೇಲಿದ್ದ ತೊಗಲು ಇಳಿಸಿ ಹಾಸಿದ. ಆಗಷ್ಟೇ ಸುಲಿದದ್ದು, ಇನ್ನೂ ಬೆಚ್ಚಗಿತ್ತು. ಇದು ನಿನ್ನ ಬದುಕಿಸಿತು, ಇವನನ್ನೂ ನೋಡಿಕೊಳ್ಳುತ್ತೆ ಎಂದ. ಅದೇ ಆ ದಿನದ ಅವನ ಮಾತು. ಸುತ್ತಿ ಇಳಿಸಿದೆವು. ಮೇಲೆ ಲಾರಿಯ ರಿಮ್ಮು ಇಟ್ಟೆವು, ಬೇರೆ ಶಿಲುಬೆ ಸಿಗಲಿಲ್ಲ.

ಹೆಗಲು ಸೊಟ್ಟಗೆ ಕೂಡಿಕೊಂಡಿತು. ಈಗ ಎಡಗೈಯಲ್ಲಿ ಕೊಕ್ಕೆ ಹಿಡಿಯುತ್ತೇನೆ. ಸಿಲ್ವನಸ್ ಬೆಂದ ಜಾಗದಲ್ಲಿ ಬೆಂಕಿ ಹಾಕುವುದಿಲ್ಲ, ಹತ್ತು ಹೆಜ್ಜೆ ಈಚೆಗೆ ಹಾಕುತ್ತೇನೆ. ಯೂನುಸಾ ಒಂದೊಂದು ದಿನ ಆ ಕಡೆ ಹಾದುಹೋಗುತ್ತಾನೆ. ಅವನನ್ನು ಯಾರೂ ಹಿಡಿದಿಲ್ಲ. ನಾನು ತಲೆ ತಗ್ಗಿಸುವುದಿಲ್ಲ. ಅವನೇ ರಸ್ತೆಯ ಆಚೆ ಬದಿಗೆ ಸರಿಯುತ್ತಾನೆ.

ಮೊನ್ನೆ ಹಾಜಿಯಾ ರಕಿಯಾ ಬಂದಳು. ಮೂಗಿಗೆ ಸೆರಗು ಹಿಡಿದು, ಎದುರಿಗೆ ನಿಂತಳು. ಆಗಿದ್ದನ್ನು ಮರೆತುಬಿಡು ಮಾಮಾ ಉಜು, ಅಧ್ಯಕ್ಷ ಮತ್ತೆ ಚುನಾವಣೆಗೆ ನಿಂತಿದ್ದಾನೆ, ಹೊಸ ಬಟ್ಟೆ ಬಂದಿದೆ, ಈ ಸಲ ನೀಲಿ ಎಂದಳು. ನನ್ನ ಕಾಲ ಹತ್ತಿರ ಟೈರಿತ್ತು. ಅದರ ಹೊಟ್ಟೆಗೆ ಹಸಿರು ಬಟ್ಟೆಯ ಕೊನೆಯ ತುಂಡು ತುರುಕಿದ್ದೆ, ಸೀಮೆಎಣ್ಣೆ ಹೀರಿ ಆ ತೂತು ಕೆನ್ನೆ ಕಪ್ಪಾಗಿತ್ತು. ಹಾಜಿಯಾ ಅದನ್ನು ನೋಡಲಿಲ್ಲ. ಎಷ್ಟು ಗಜ ಬರೆದುಕೊಳ್ಳಲಿ ಎಂದು ಕೇಳಿದಳು.

ನಾನು ಕಡ್ಡಿ ಗೀರಿದೆ.

"ಎಷ್ಟಿದೆಯೋ ಅಷ್ಟೂ ಕೊಡಿ," ಎಂದೆ. "ಟೈರು ಹತ್ತಿಸೋಕೆ ನಂಗೆ ಬಟ್ಟೆ ಸಾಲ್ತಾ ಇಲ್ಲ."